ಅಣ್ಣನನ್ನು ಕ್ಷಮಿಸಬೇಕಾದರೆ ಪಾಲು ಬಿಟ್ಟುಕೊಡಲೇಬೇಕೇ?

ನಿಮ್ಮ ಪ್ರಶ್ನೆ ಓದುವಾಗ ನಮ್ಮ ಮನೆಯ ಮಾತೇ ಕೇಳಿದ ಹಾಗಾಯಿತು. ಅಪ್ಪ ವೀಲುನಾಮೆ ಬರೆಯದೆ ತೀರಿಹೋಗಿದ್ದಾರೆ, ತೋಟದ ಉತ್ಪತ್ತಿ ಅಣ್ಣನೊಬ್ಬನಿಗೇ, ಈಗ ಹಕ್ಕು ಬಿಡುಗಡೆ ಪತ್ರಕ್ಕೆ ನೀವು ಸಹಿ ಹಾಕಿದರೆ ಮೊಂತಿ ಫೆಸ್ತಿನ (ಮಾತೆ ಮರಿಯಮ್ಮನ ಹುಟ್ಟುಹಬ್ಬದ) ಹೊಸ ಅಕ್ಕಿ ಊಟಕ್ಕೆ ಎಲ್ಲರೂ ಒಟ್ಟಾಗೋಣ ಎನ್ನುತ್ತಾನೆ. "ಕ್ರೈಸ್ತನಾಗಿ ಕ್ಷಮಿಸಿ ಸಹಿ ಹಾಕಲೋ, ಕೋರ್ಟಿಗೆ ಹೋಗಿ ಸೇಡು ತೀರಿಸಲೋ" ಎಂದು ಕೇಳಿದ್ದೀರಿ. ಎರಡೂ ಬೇಡ ಮಾರಾಯ್ರೆ. ಪಾಲು ಕೇಳುವುದೇ ಸೇಡು ಎಂದು ನಿಮ್ಮ ತಲೆಗೆ ತುಂಬಿದ್ದು ಯಾರು?

ನಮ್ಮ ಕಡೆಯ ಮನೆಗಳು ಎಡವುವುದು ಒಂದೇ ಕಡೆ: ರಾಜಿಯಾದ ದಿನವೇ ಸಹಿ. ಧ್ಯಾನಕೂಟ ಮುಗಿಸಿ ಬಂದಾಗ, ಅಮ್ಮ ಹಾಸಿಗೆ ಹಿಡಿದಾಗ, ಹಬ್ಬದ ಹಿಂದಿನ ದಿನ ಮನಸ್ಸು ಮೆತ್ತಗಾಗಿರುತ್ತದೆ. ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಹೆಬ್ಬೆಟ್ಟು ಬಿದ್ದ ಮೇಲೆ "ಮನಸ್ಸು ಬದಲಾಯಿತು" ಎಂದರೆ ಯಾರೂ ಕೇಳುವುದಿಲ್ಲ. ಪತ್ರ ರದ್ದಾಗಬೇಕಾದರೆ ಮೋಸ ಅಥವಾ ಒತ್ತಡ ಇತ್ತೆಂದು ನೀವೇ ಸಾಬೀತು ಮಾಡಬೇಕು, ಅದೂ ವಿಷಯ ಗೊತ್ತಾದ 3 ವರ್ಷದೊಳಗೆ ದಾವೆ ಹೂಡಿ. ಇನ್ನೂ ಕೆಟ್ಟದ್ದು ಒಳಗೆ ನಡೆಯುತ್ತದೆ. ಮುಂದಿನ ವರ್ಷ ಅದೇ ಜಾಗ ಲೇಔಟಿಗೆ ಮಾರಾಟವಾದಾಗ ಕೋಪ ಎರಡು ಪಟ್ಟಾಗಿ ಬರುತ್ತದೆ. ಆಗ ಕ್ಷಮಿಸಿದ್ದಕ್ಕೇ ಪಶ್ಚಾತ್ತಾಪ ಪಡುತ್ತೀರಿ. ಕ್ಷಮೆ ಇಂದೇ ಆಗಲಿ, ಕಾಗದ ಇನ್ನೊಂದು ದಿನಕ್ಕಿರಲಿ.

ಬೈಬಲಿನ ಮತ್ತಾಯ 18ರಲ್ಲಿ ಯೇಸು ಹೇಳಿದ ಕಥೆಯ ಅರಸನನ್ನೇ ನೋಡಿ. ಮೊದಲು ಲೆಕ್ಕ ತೆಗೆದ, ಸೇವಕನ ಸಾಲ ಹತ್ತು ಸಾವಿರ ತಲಾಂತು, ಅಂದರೆ ತೀರಿಸಲಾಗದಷ್ಟು ದೊಡ್ಡ ಮೊತ್ತ ಎಂದು ಗೊತ್ತಾಯಿತು, ಆಮೇಲೆ ಮನ್ನಾ ಮಾಡಿದ. ಎಷ್ಟೆಂದು ತಿಳಿಯದೆ ಬಿಟ್ಟದ್ದು ಮನ್ನಾ ಹೇಗಾಗುತ್ತದೆ?

ಯೋಸೇಫನ ಕಥೆಯನ್ನು ಪ್ರಸಂಗದಲ್ಲಿ ಅಪ್ಪಿಕೊಂಡು ಅತ್ತಲ್ಲಿಗೇ ಮುಗಿಸುತ್ತಾರೆ. ಬೈಬಲಿನ ಮೊದಲ ಪುಸ್ತಕ ಆದಿಕಾಂಡವನ್ನು 42ನೇ ಅಧ್ಯಾಯದಿಂದ ನಿಧಾನವಾಗಿ ಓದಿ. 20 ಬೆಳ್ಳಿ ನಾಣ್ಯಕ್ಕೆ ತನ್ನನ್ನು ಮಾರಿದ ಅಣ್ಣಂದಿರು, ಈಜಿಪ್ಟಿನಲ್ಲಿ ಅಧಿಕಾರಿಯಾಗಿದ್ದ ತನ್ನ ಬಳಿಗೇ ಧಾನ್ಯಕ್ಕೆ ಬಂದಾಗ ಅವನು ಹೊಟ್ಟೆ ತುಂಬ ಕೊಟ್ಟ, ಹಣವನ್ನೂ ಚೀಲದಲ್ಲಿ ವಾಪಸ್ ಇಡಿಸಿದ. ಆದರೆ ತಾನು ಯಾರೆಂದು ಹೇಳಲಿಲ್ಲ. ಅವರಲ್ಲೊಬ್ಬ ಸಿಮೆಯೋನನನ್ನು ಹಿಡಿದಿಟ್ಟ, ಕೊನೆಯ ತಮ್ಮ ಬೆನ್ಯಾಮೀನನ ಚೀಲದಲ್ಲಿ ಬೆಳ್ಳಿಯ ಪಾತ್ರೆ ಇಡಿಸಿ ಪರೀಕ್ಷೆ ಮಾಡಿದ. ಅಂದು "ಮಾರೋಣ" ಎಂದಿದ್ದ ಅಣ್ಣ ಯೆಹೂದನೇ "ತಮ್ಮನ ಬದಲು ನನ್ನನ್ನು ಗುಲಾಮನಾಗಿ ಇಟ್ಟುಕೊಳ್ಳಿ" ಎಂದ ಮೇಲೆಯೇ ಅವನ ಅಳು ಕಟ್ಟೆಯೊಡೆದದ್ದು. ಸೇಡು ಬಿಟ್ಟಿದ್ದ, ನಂಬುವುದಕ್ಕೆ ಸಮಯ ತೆಗೆದುಕೊಂಡ. ಅಪ್ಪ ಯಾಕೋಬ ಸತ್ತ ಮೇಲೆ ಅಣ್ಣಂದಿರು ಮತ್ತೆ ಹೆದರಿದರು, ಅವನು ಇನ್ನೊಮ್ಮೆ ಸಮಾಧಾನ ಹೇಳಬೇಕಾಯಿತು. ನಿಮಗೂ ಹಳೆಯ ಕೋಪ ಮರುಕಳಿಸೀತು, ಅದರಿಂದ ಮೊದಲ ಕ್ಷಮೆ ಸುಳ್ಳಾಗುವುದಿಲ್ಲ.

"ಸಹೋದರರು ವ್ಯಾಜ್ಯಕ್ಕೆ ಹೋಗಬೇಡಿ" ಎಂದು ಸಂತ ಪೌಲರು ಕೊರಿಂಥದವರಿಗೆ ಬರೆದದ್ದನ್ನು (1 ಕೊರಿಂಥ 6) ಅಣ್ಣ ತೋರಿಸಿದರೆ ಅದೇ ಅಧ್ಯಾಯದ 5ನೇ ವಾಕ್ಯ ತೋರಿಸಿ: ನಿಮ್ಮಲ್ಲಿ ತೀರ್ಮಾನ ಹೇಳುವ ಜಾಣನೊಬ್ಬನೂ ಇಲ್ಲವೇ ಎಂದು ಅವರು ಕೇಳುತ್ತಾರೆ. ಹಾಗಾಗಿ ಮೊದಲು ಒಬ್ಬರೇ ಹೋಗಿ ಮಾತಾಡಿ, ಅತ್ತಿಗೆ, ಭಾವಂದಿರು ಯಾರೂ ಬೇಡ. ಆಗದಿದ್ದರೆ ಇಬ್ಬರನ್ನು ಕರೆದುಕೊಂಡು ಹೋಗಿ: ಒಬ್ಬರು ವಾಡೆಯ ಗುರ್ಕಾರರು (ಚರ್ಚಿನ ವಾರ್ಡಿನ ಮುಖಂಡರು), ಇನ್ನೊಬ್ಬರು ಆ ಜಾಗದಲ್ಲಿ ಆಸೆಯಿಲ್ಲದವರು. ಆಡಿದ್ದನ್ನು ಬರೆದಿಡಿ. ಆಮೇಲೆ ವಿಗಾರರು, ಅಂದರೆ ಚರ್ಚಿನ ಮುಖ್ಯ ಪಾದ್ರಿಗಳು. ಅಲ್ಲಿಗೂ ಬಗ್ಗದಿದ್ದರೆ ಪಾಲಿನ ದಾವೆ. ಕೇಸು ನಡೆಯುವಾಗಲೂ ಲೋಕ ಅದಾಲತ್‌ನಲ್ಲಿ ರಾಜಿಯಾಗಬಹುದು; ಕೋರ್ಟ್ ಶುಲ್ಕ ವಾಪಸ್ ಬರುತ್ತದೆ, ಅಲ್ಲಿನ ತೀರ್ಪಿಗೆ ಮೇಲ್ಮನವಿ ಇಲ್ಲ.

ಸೇಡು ನುಸುಳುವುದು ಬೇರೆ ಬಾಗಿಲಿನಿಂದ: ಸುಳ್ಳು ಪೊಲೀಸ್ ದೂರು, ಬಾವಿಯ ದಾರಿಗೆ ಬೇಲಿ, ಅಮ್ಮನ ಮದ್ದಿನ ಖರ್ಚಿನಲ್ಲಿ ಹಟ. ಇವು ನಿಮ್ಮ ಕಡೆಯಿಂದ ಆಗಕೂಡದು.

ಹೋಗುವ ಮೊದಲು ಪಹಣಿ, ಋಣಭಾರ ಪತ್ರ ತೆಗೆಸಿ, ಪಾಲಿನ ಲೆಕ್ಕವನ್ನೂ ಹಾಕಿ. ಕ್ರೈಸ್ತರಾದ ನಮಗೆ ಅನ್ವಯವಾಗುವುದು 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆ. ಅಮ್ಮ ಇದ್ದರೆ ಮೂರನೇ ಒಂದು ಪಾಲು ಅವರದ್ದು, ಉಳಿದದ್ದು ಮಕ್ಕಳಿಗೆಲ್ಲ ಸಮ. 90 ಸೆಂಟ್ಸ್ ಇದ್ದು ಮೂವರು ಮಕ್ಕಳಾದರೆ ಅಮ್ಮನಿಗೆ 30, ಒಬ್ಬೊಬ್ಬರಿಗೆ 20. ಮದುವೆಯಾಗಿ ಹೋದ ತಂಗಿಗೂ 20. ಅಣ್ಣನ ಮೇಲಿನ ಕೋಪದಲ್ಲಿ ನೀವು ಆಕೆಯ ಹೆಸರನ್ನೇ ಎತ್ತಿಲ್ಲ.