ಆಲೆಮನೆಯ 360 ಡಿಗ್ರಿ ಡಾಕ್ಯುಮೆಂಟರಿಗೆ ಯಾವ ಕ್ಯಾಮೆರಾ ತಗೊಳ್ಳಲಿ?

ಮಂಡ್ಯದ ಆಲೆಮನೆ ಬಗ್ಗೆ ವಿಆರ್ (ಹೆಡ್‌ಸೆಟ್ ಹಾಕಿ ಸುತ್ತಲೂ ತಿರುಗಿ ನೋಡುವ) ಡಾಕ್ಯುಮೆಂಟರಿ ಮಾಡಬೇಕು, ಯಾವ ಕ್ಯಾಮೆರಾ ಒಳ್ಳೆಯದು ಅಂತ ಕೇಳಿದ್ದೀರಿ. 5.7ಕೆ, ಅಂದರೆ ಅಡ್ಡಕ್ಕೆ ಸುಮಾರು 5,700 ಪಿಕ್ಸೆಲ್ ಇರುವ ಯಾವುದಾದರೂ ಕಲಿಯೋಕೆ ಸಾಕು. ಆದರೆ ಆ ಪಿಕ್ಸೆಲ್‌ಗಳೆಲ್ಲ ಸುತ್ತಲೂ ಹಂಚಿಹೋಗುತ್ತವೆ. ಹೆಡ್‌ಸೆಟ್‌ನಲ್ಲಿ ಒಂದು ಸಲಕ್ಕೆ ಕಾಣುವುದು ಹೆಚ್ಚುಕಮ್ಮಿ ಕಾಲುಭಾಗ. ದೂರದ್ದು ಮಸುಕಾಗುತ್ತದೆ, ಹಾಗಾಗಿ ಹತ್ತಿರ ಹೋಗಲೇಬೇಕು. ಹತ್ತಿರ ಅಂದರೆ ಎಲ್ಲಿ? ನನಗೆ ಜಾಸ್ತಿ ಕಷ್ಟ ಕೊಟ್ಟಿದ್ದು ಅದೇ.

ಹೋದ ವರ್ಷ ಮದ್ದೂರು ಕಡೆಯ ಒಂದು ಆಲೆಮನೆಯಲ್ಲಿ ಚಿತ್ರ ತೆಗೆದೆ. ಮೊದಲ ದಿನ ಕೊಪ್ಪರಿಗೆ ಪಕ್ಕದಲ್ಲೇ ಟ್ರೈಪಾಡ್ ಇಟ್ಟೆ. ಕುದಿಯುವ ಕಬ್ಬಿನ ಹಾಲು, ನೊರೆ, ಹಬೆ, ಎಲ್ಲ ಚೆನ್ನಾಗಿ ಬಂತು. ರಾತ್ರಿ ನೋಡಿದಾಗ ಮನಸ್ಸಿಗೆ ಒಪ್ಪಲಿಲ್ಲ. ಅದು ಬೆಲ್ಲ ಕೊಳ್ಳಲು ಬಂದವರು ನಿಂತು ನೋಡುವ ಜಾಗ, ಅಲ್ವಾ?

ಮರುದಿನ ಹಿಂದೆ ಹೋಗಿ, ಒಲೆಗೆ ಕಬ್ಬಿನ ಸಿಪ್ಪೆ ತಳ್ಳುವವರ ಪಕ್ಕ ಇಟ್ಟೆ. ಅವರು ಕೂರುವುದು ತಗ್ಗಿನಲ್ಲಿ. ಅಲ್ಲಿಂದ ಕೊಪ್ಪರಿಗೆ ಕಾಣುವುದೇ ಇಲ್ಲ. ಉರಿ ಜಾಸ್ತಿ ಮಾಡು, ಸಾಕು ನಿಲ್ಲಿಸು ಅಂತ ಮೇಲಿನಿಂದ ಕೂಗು ಕೇಳುತ್ತದೆ, ಅಷ್ಟೇ. ದಿನವಿಡೀ ಬೆಂಕಿ ಮುಂದೆ ಕೂತವರು ಪಾಕ ಬರುವುದನ್ನು ನೋಡುವುದೇ ಇಲ್ಲ. ನನ್ನ ಚಿತ್ರ ಅಲ್ಲಿಂದ ಶುರುವಾಗುತ್ತದೆ.

ಅವರು ಕೂತಿದ್ದರೆ ಕ್ಯಾಮೆರಾನೂ ಅವರ ಕಣ್ಣಿನ ಎತ್ತರಕ್ಕೆ ಇಳಿಸಿ. ಮೇಲಿಟ್ಟರೆ ನೋಡುವವರು ಅವರ ತಲೆಯ ಮೇಲೆ ನಿಂತಂತೆ ಆಗುತ್ತದೆ. ಮೂರ್ನಾಲ್ಕು ಅಡಿ ದೂರ ಇರಲಿ, ಇಲ್ಲದಿದ್ದರೆ ಎರಡು ಲೆನ್ಸಿನ ಚಿತ್ರ ಕೂಡುವ ಗೆರೆಯಲ್ಲಿ ಮುಖ ಸೀಳಿಹೋಗುತ್ತದೆ. ಕ್ಯಾಮೆರಾ ಹಿಡಿದು ಓಡಾಡಬೇಡಿ. ಕಣ್ಣು ಚಲಿಸುತ್ತಿದ್ದೇನೆ ಅನ್ನುತ್ತದೆ, ಮೈ ಇಲ್ಲ ಅನ್ನುತ್ತದೆ, ಹೊಟ್ಟೆ ತೊಳಸುತ್ತದೆ. ಕ್ಯಾಮೆರಾಗೆ ಇಟ್ಟ ದುಡ್ಡಲ್ಲಿ ಸ್ವಲ್ಪ ಉಳಿಸಿ, ಸುತ್ತಲಿನ ಸದ್ದನ್ನು ದಿಕ್ಕಿನ ಸಮೇತ ಹಿಡಿಯುವ ಆಂಬಿಸಾನಿಕ್ ಮೈಕ್ ಬಾಡಿಗೆಗೆ ತನ್ನಿ. ನೋಡುವವರು ಎತ್ತ ತಿರುಗಿದರೂ ಆ ಕೂಗು ಮೇಲಿನಿಂದಲೇ ಕೇಳಬೇಕು.

ಶುರು ಮಾಡುವ ಮೊದಲು 2015ರ ‘ಕ್ಲೌಡ್ಸ್ ಓವರ್ ಸಿದ್ರಾ’ ನೋಡಿ. ಜೋರ್ಡಾನ್‌ನ ಜಾತಾರಿ ಶಿಬಿರದಲ್ಲಿದ್ದ 12 ವರ್ಷದ ಸಿರಿಯಾ ಹುಡುಗಿಯ ಕಥೆ, ಎಂಟೂವರೆ ನಿಮಿಷದ್ದು. ಅವಳ ಮನೆ, ತರಗತಿ, ಆಟದ ಜಾಗ, ಎಲ್ಲ ಕಡೆ ನಾವೂ ಸುಮ್ನೆ ಜೊತೆಗಿರುತ್ತೇವೆ.

ಇನ್ನೊಂದು ಮಾತು. ಅಲ್ಲಿರುವ ಎಲ್ಲರ ಒಪ್ಪಿಗೆ ಕೇಳಿ, ಮಾಲೀಕರೊಬ್ಬರನ್ನು ಕೇಳಿದರೆ ಸಾಲದು. ಈ ಚಿತ್ರಕ್ಕೆ ಅಂಚೇ ಇಲ್ಲ, ಯಾರನ್ನೂ ಹೊರಗೆ ಬಿಡೋಕೆ ಆಗೋದಿಲ್ಲ. ನಾನು ತೆಗೆದ ಒಳ್ಳೆಯ ಶಾಟ್ ಒಂದರಲ್ಲಿ ಹಿಂದೆ ಒಬ್ಬರು ಊಟಕ್ಕೆ ಕೂತಿದ್ದರು. ತೋರಿಸಿದಾಗ, ನಾನು ಉಣ್ಣೋದನ್ನ ತೋರಿಸೋದು ಬೇಡ ಅಂದರು. ಅದನ್ನು ಅಳಿಸಿದೆ. ಅವರು ಕೈತೊಳೆದು ಬರುವವರೆಗೆ ಕಾದು ಮತ್ತೆ ತೆಗೆದೆ.