ಪೊಮೆರೇನಿಯನ್ ಮರಿ ಎಷ್ಟು ದೊಡ್ಡದಾಗುತ್ತೆ? ಮನೆಯ ಹಳೇ ನಾಯಿ ಜೊತೆ ಹೊಂದಿಕೊಳ್ಳುತ್ತಾ?

ಮರಿಗೆ 3 ತಿಂಗಳು, ತೂಕ 1.3 ಕೆಜಿ ಅಂದಿದ್ದೀರಿ. ಇಂಥ ಪುಟ್ಟ ತಳಿಗಳಲ್ಲಿ ಪೂರ್ತಿ ಬೆಳೆದ ಮೇಲಿನ ತೂಕ ಈ ವಯಸ್ಸಿನ ತೂಕದ ಎರಡರಷ್ಟು ಅಂತ ಅಂದಾಜು ಹಾಕಬಹುದು. ಅಂದರೆ ಎರಡೂವರೆ ಕೆಜಿ ಆಸುಪಾಸು. 8–10 ತಿಂಗಳಿಗೆ ಬೆಳವಣಿಗೆ ಹೆಚ್ಚುಕಮ್ಮಿ ಮುಗಿಯುತ್ತದೆ. ಪಾದ ನೋಡಿ ಹೇಳುವುದನ್ನು ನಾನು ನಂಬುವುದಿಲ್ಲ. ಅದರ ಅಪ್ಪ ಅಮ್ಮನನ್ನು ನೋಡಿ, ಅದೇ ಒಳ್ಳೇ ಅಳತೆ. ನಮ್ಮ ಕಡೆ ಪೊಮೆರೇನಿಯನ್ ಅಂತ ಕೊಡುವುದು ಎಷ್ಟೋ ಸಲ ಇಂಡಿಯನ್ ಸ್ಪಿಟ್ಜ್ ಅನ್ನುವ ಬೇರೆ ತಳಿ ಆಗಿರುತ್ತದೆ. ಅದು 5–7 ಕೆಜಿ ತೂಗುತ್ತದೆ, ಜಾಸ್ತಿಯೂ ಆಗಬಹುದು.

ಹಳೇ ನಾಯಿಯ ವಿಷಯ. ತೀರ್ಥಹಳ್ಳಿಯ ನಮ್ಮ ಮನೆಯಲ್ಲಿ ಜಗಳ ಆಗಿದ್ದು ತಟ್ಟೆಗಲ್ಲ, ಬಚ್ಚಲೊಲೆ ಮುಂದಿನ ಜಾಗಕ್ಕೆ. ಮಳೆಗಾಲ, ಬೆಚ್ಚಗಿರುವುದು ಅಲ್ಲೊಂದೇ. ಮರಿ ಹೋಗಿ ಅಲ್ಲೇ ಮಲಗಿತು, ದೊಡ್ಡದು ಹಲ್ಲು ತೋರಿಸಿ ಗುರ್ ಅಂದಿತು. ಗುರುಗುಟ್ಟಿದ್ದಕ್ಕೆ ಬೈಯಬೇಡಿ. ಅದು ಕೊಡುವ ಎಚ್ಚರಿಕೆ ಅದು. ಬೈದು ಬಾಯಿ ಮುಚ್ಚಿಸಿದರೆ ಮುಂದೆ ಸೀದಾ ಕಚ್ಚಬಹುದು. ಮರಿಯನ್ನೇ ಎತ್ತಿಕೊಂಡು ಬನ್ನಿ. ನಾವು ಒಲೆಯ ಇನ್ನೊಂದು ಬದಿಗೆ ಎರಡನೇ ಗೋಣಿಚೀಲ ಹಾಸಿದೆವು, ಎರಡು ವಾರದಲ್ಲಿ ಸರಿಹೋಯಿತು.

ಊಟ ಬೇರೆ ಬೇರೆ ಮೂಲೆಯಲ್ಲಿ ಹಾಕಿ. ಮೊದಲ ದಿನಗಳಲ್ಲಿ ಎರಡನ್ನೇ ಬಿಟ್ಟು ಹೋಗಬೇಡಿ. ಮರಿಯನ್ನು ಜಗಲಿಯಿಂದ ಹಾರಲು ಬಿಡಬೇಡಿ, ಇವುಗಳ ಮುಂಗಾಲು ಕಡ್ಡಿಯಷ್ಟೇ ಸಣ್ಣ, ಸುಮ್ನೆ ಮುರಿದುಹೋಗುತ್ತೆ. ಲಸಿಕೆ ಮುಗಿಯುವವರೆಗೆ ಬೀದಿಗೂ ಬೇಡ, ಪಾರ್ವೋ ಅನ್ನುವ ವೈರಸ್ ರೋಗ ಮರಿಗಳ ಪ್ರಾಣಕ್ಕೇ ಕುತ್ತು.