ಕನ್ನಡ ಮಾಧ್ಯಮದ ಮಗಳಿಗೆ ಪಿಯು ಸೈನ್ಸ್: ತೋಟದ ಗುಂಪಿನ ಅಣ್ಣನಿಗೊಂದು ಉತ್ತರ

ಅಣ್ಣಾ, ಬೆಳಿಗ್ಗೆಯೇ ನಿಮ್ಮ ಮೆಸೇಜ್ ಓದಿದೆ. ಮಗಳು ಕನ್ನಡ ಮಾಧ್ಯಮದಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿದ್ದಾಳೆ, ಬಿಎಸ್ಸಿ ಅಗ್ರಿ (ಕೃಷಿ ಪದವಿ) ಓದುವ ಆಸೆ, ಆದರೆ ಪಿಸಿಎಂಬಿ (ಫಿಸಿಕ್ಸ್, ಕೆಮಿಸ್ಟ್ರಿ, ಗಣಿತ, ಬಯಾಲಜಿ) ಕಷ್ಟ, ಬಯಾಲಜಿ ಬದಲು ಕಂಪ್ಯೂಟರ್ ಸೈನ್ಸ್ ಇರುವ ಪಿಸಿಎಂಸಿ ಹಾಕಿಸಿ ಅಂತ ನೆಂಟರು ಹೇಳುತ್ತಿದ್ದಾರೆ ಅಂದಿದ್ದೀರಿ. ನಾನು ಪಿಯು ಮಕ್ಕಳಿಗೆ ಕೆಮಿಸ್ಟ್ರಿ ಪಾಠ ಮಾಡುವವನು. ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

ಪಿಸಿಎಂಬಿಯನ್ನೇ ಕೊಡಿಸಿ. ಅಗ್ರಿಗೆ ಬಯಾಲಜಿ ಬೇಕೇ ಬೇಕು. ಗಣಿತವೂ ಇರುವುದರಿಂದ ಮುಂದೆ ಮನಸ್ಸು ಬದಲಾದರೂ ಎಂಜಿನಿಯರಿಂಗಿಗೆ ದಾರಿ ಇದ್ದೇ ಇರುತ್ತದೆ.

ಕಾಲೇಜು ನೋಡಲು ಹೋದಾಗ ಗೇಟಿನ ಬ್ಯಾನರ್ ನೋಡಿ ತೀರ್ಮಾನ ಮಾಡಬೇಡಿ. ಲ್ಯಾಬ್ ತೋರಿಸಿ ಅಂತ ಕೇಳಿ. ಬ್ಯೂರೆಟ್‌ಗಳು (ದ್ರವ ಅಳೆಯುವ ಗಾಜಿನ ಕೊಳವೆಗಳು) ಸ್ಟ್ಯಾಂಡಿನಲ್ಲಿವೆಯೋ, ಬೀರುವಿನಲ್ಲಿ ಧೂಳು ಹಿಡಿದಿವೆಯೋ ಕಣ್ಣಾರೆ ನೋಡಿ. ದ್ವಿತೀಯ ಪಿಯುಸಿಯಲ್ಲಿ ಫಿಸಿಕ್ಸ್, ಕೆಮಿಸ್ಟ್ರಿ, ಬಯಾಲಜಿ ಮೂರಕ್ಕೂ 100ರಲ್ಲಿ 30 ಅಂಕ ಪ್ರಾಕ್ಟಿಕಲ್‌ನದು. ಬಸ್ಸಿನಲ್ಲೇ ದಿನಕ್ಕೆ ಮೂರು ಗಂಟೆ ಕಳೆಯುವ ದೊಡ್ಡ ಕಾಲೇಜಿಗಿಂತ ಹತ್ತಿರದ ಸರ್ಕಾರಿ ಕಾಲೇಜು ಎಷ್ಟೋ ವಾಸಿ.

ನಿಜವಾದ ಕಷ್ಟ ಇರುವುದು ಮೊದಲ ಮೂರು ತಿಂಗಳು, ಅದೂ ಇಂಗ್ಲಿಷಿನಿಂದ. ನನ್ನ ತರಗತಿಯ ಒಬ್ಬ ಹುಡುಗಿ ಮೊದಲ ಟೆಸ್ಟಿನಲ್ಲಿ ಸ್ಟೊಮ್ಯಾಟಾ ಪ್ರಶ್ನೆಗೆ ಏನೂ ಬರೆಯದೆ ಹಾಳೆ ಕೊಟ್ಟಿದ್ದಳು. ‘ಪತ್ರರಂಧ್ರದ ಕೆಲಸ ಏನಮ್ಮ?’ ಅಂತ ಕೇಳಿದರೆ ನಿಂತಲ್ಲೇ ಪೂರ್ತಿ ಹೇಳಿದಳು, ಕಣ್ಣಲ್ಲಿ ನೀರು. ವಿಷಯ ಗೊತ್ತಿತ್ತು, ಹೆಸರು ಗೊತ್ತಿರಲಿಲ್ಲ. ಅವತ್ತೇ ಇನ್ನೂರು ಪುಟದ ನೋಟ್‌ಬುಕ್ ತರಿಸಿ ನಡುವೆ ಗೆರೆ ಹಾಕಿಸಿದೆ: ಎಡಕ್ಕೆ ವೇಗೋತ್ಕರ್ಷ, ಬಲಕ್ಕೆ ಆಕ್ಸಲರೇಷನ್. ದಿನಕ್ಕೆ ಹತ್ತೇ ಪದ. ದಸರೆ ರಜೆ ಹೊತ್ತಿಗೆ ಅವಳೇ ಕೈ ಎತ್ತಿ ಪ್ರಶ್ನೆ ಕೇಳತೊಡಗಿದಳು. ನಿಮ್ಮ ಮಗಳಿಗೆ ಈ ರಜೆಯಲ್ಲೇ ಶುರು ಮಾಡಿಸಿ. ಜುಲೈನಲ್ಲಿ ಅಂಕ ಕಡಿಮೆ ಬಂದರೆ ದಯವಿಟ್ಟು ‘ನಿನಗೆ ಸೈನ್ಸ್ ಆಗಲ್ಲ’ ಅನ್ನಬೇಡಿ.

ಕೆಮಿಸ್ಟ್ರಿಯಲ್ಲಿ ಮಕ್ಕಳು ಮೊದಲು ಎಡವುವುದು ಮೋಲ್ (ಅಣುಗಳನ್ನು ಎಣಿಸುವ ಅಳತೆ) ಪಾಠದಲ್ಲಿ. ಅದಕ್ಕೆ ನಿಮ್ಮ ಯೂರಿಯಾ ಚೀಲವೇ ಸಾಕು. ಯೂರಿಯಾದ ಒಂದು ಮೋಲ್ 60 ಗ್ರಾಂ, ಅದರಲ್ಲಿ ಸಾರಜನಕ 28 ಗ್ರಾಂ. 28ನ್ನು 60ರಿಂದ ಭಾಗಿಸಿದರೆ ಚೀಲದ ಮೇಲಿನ 46 ಪರ್ಸೆಂಟ್ ಸಾರಜನಕ ಎಲ್ಲಿಂದ ಬಂತು ಅಂತ ಅವಳಿಗೇ ಗೊತ್ತಾಗುತ್ತದೆ. 45 ಕೆಜಿ ಚೀಲದಲ್ಲಿ ಸಾರಜನಕ ಎಷ್ಟು ಅಂತ ಅವಳಿಂದಲೇ ಲೆಕ್ಕ ಹಾಕಿಸಿ. 20 ಕೆಜಿ ಮೇಲೆ ಸ್ವಲ್ಪ ಬರಬೇಕು.

ಪಿಯು ಮುಗಿದ ಮೇಲೆ ಸೀಟಿಗಾಗಿ ಬರೆಯುವ ಪ್ರವೇಶ ಪರೀಕ್ಷೆ ಸಿಇಟಿಯ ಚಿಂತೆ ಮೊದಲ ವರ್ಷಕ್ಕೆ ಬೇಡ. ಒಂದೊಂದು ವಿಷಯಕ್ಕೆ 60 ಪ್ರಶ್ನೆ, 80 ನಿಮಿಷ, ತಪ್ಪಿಗೆ ಅಂಕ ಕಳೆಯುವುದಿಲ್ಲ. ಪ್ರಥಮ ಪಿಯುಸಿಯ ಪಾಠ ಗಟ್ಟಿಯಾಗಿದ್ದರೆ ಮುಂದಿನದು ಹಗುರ. ಅಗ್ರಿ ಸೀಟುಗಳಲ್ಲಿ ರೈತರ ಮಕ್ಕಳ ಕೋಟಾಗೆ ಪ್ರಾಯೋಗಿಕ ಪರೀಕ್ಷೆಯೂ ಇದೆ. ಹಾಗಾಗಿ ಓದುವ ನೆಪದಲ್ಲಿ ಅವಳನ್ನು ತೋಟದಿಂದ ದೂರ ಇಡಬೇಡಿ. ಬೀಜ, ಕಳೆ, ಗೊಬ್ಬರ ಕೈಯಲ್ಲಿ ಹಿಡಿದೇ ಗುರುತು ಹತ್ತಲಿ.

ಆ ಹುಡುಗಿಯ ಪದಗಳ ನೋಟ್‌ಬುಕ್ಕಿನ ಜೆರಾಕ್ಸ್ ನನ್ನ ಹತ್ತಿರ ಇದೆ. ಬೇಕಾದರೆ ಹೇಳಿ, ಫೋಟೊ ತೆಗೆದು ಇಲ್ಲೇ ಹಾಕುತ್ತೇನೆ.